ಹುಳದ ಮನೆಯ ಗೋಡೆಗೆ ಅಂಟಿಸಿದ ನೋಟಿಸು

ಶಿವರಾತ್ರಿ ಕಳೆದ ಮೇಲಿನ ಎರಡನೇ ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ರಾಮನಗರದ ಮುನ್ಸೀಫ್ ಕೋರ್ಟಿನ ಹಾಲ್. ಹಾಜರಿದ್ದವರು: ಪೀಠದ ಮೇಲೆ ಮುನ್ಸೀಫರು, ಅವರ ಕೆಳಗೆ ಬೆಂಚ್ ಕ್ಲಾರ್ಕು, ದಾವೆ ಹೂಡಿದ್ದ ರೈತ ಮತ್ತು ಅವನ ವಕೀಲರು. ಇನ್ನೊಂದು ಕಡೆ ಆ ರೈತನ ತೀರಿಹೋದ ಅಣ್ಣನ ಹೆಂಡತಿ, ಅಂದರೆ ಪ್ರತಿವಾದಿ, ಮತ್ತು ಆಕೆಗಾಗಿ ಕೋರ್ಟೇ ಗೊತ್ತುಮಾಡಿಕೊಟ್ಟ ವಕೀಲರು. ಸಾಕ್ಷಿಕಟ್ಟೆಯಲ್ಲಿ ನಾನು.

ನಾನು ಆ ಕೋರ್ಟಿನ ಅಮೀನ. ನೋಟಿಸು, ಸಮನ್ಸುಗಳನ್ನು ಹಳ್ಳಿಗೆ ಒಯ್ದು, ಹೆಸರಿದ್ದವರ ಕೈಗೆ ಕೊಟ್ಟು, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡು, ಕಾಗದದ ಬೆನ್ನಿಗೆ ವರದಿ ಬರೆದು ಆಫೀಸಿಗೆ ಒಪ್ಪಿಸುವುದು ನನ್ನ ಕೆಲಸ. ಎಷ್ಟೋ ಜನರನ್ನು ಸಾಕ್ಷಿಕಟ್ಟೆಗೆ ಕರೆತಂದು ನಿಲ್ಲಿಸಿದ್ದೆ. ನಾನೇ ಹತ್ತಿದ್ದು ಅದೇ ಮೊದಲು. ಅದಕ್ಕೆ ಕಾರಣ ನಾನೇ ಬರೆದ ಒಂದು ಪದ: 'ನಿರಾಕರಿಸಿದರು'.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಅದನ್ನು ಬರೆದಿದ್ದೆ. ದಾವೆ ಒಂದು ಬಾವಿಯದು. ಅಣ್ಣ ತಮ್ಮ ಇಬ್ಬರೂ ಕೂಡಿ ತೋಡಿಸಿದ ಬಾವಿ, ಒಂದೇ ಪಂಪ್‌ಸೆಟ್ಟು, ದಿನ ಬಿಟ್ಟು ದಿನ ಸರದಿ. ಅಣ್ಣ ತೀರಿಕೊಂಡ ಮೇಲೂ ಸರದಿ ನಡೆದಿತ್ತು. ರೇಷ್ಮೆಗೆ ಬೆಲೆ ಏರಿ, ರಾಗಿ ಬೆಳೆಯುವ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲ. ನೀರು ಇದ್ದವನಿಗೆ ಸೊಪ್ಪು, ಸೊಪ್ಪು ಇದ್ದವನಿಗೆ ಹುಳ. ತಮ್ಮ ತನ್ನ ತೋಟವನ್ನು ಎರಡರಷ್ಟು ಮಾಡಿದ. ನೀರು ಸಾಲದೆ ಬಂತು. ಬಾವಿ ತನ್ನೊಬ್ಬನದೇ, ಅತ್ತಿಗೆ ಅದರ ಕಡೆ ಬರಬಾರದು ಎಂದು ಕೋರ್ಟಿಗೆ ಬಂದ.

ಆ ದಾವೆಯ ನೋಟಿಸು ಹಿಡಿದು ನಾನು ಕನಕಪುರ ರಸ್ತೆಯ ಬಸ್ಸಿನಿಂದ ಇಳಿದು, ಎರಡು ಮೈಲಿ ನಡೆದು ಅತ್ತಿಗೆಯ ಮನೆ ಮುಂದೆ ನಿಂತಾಗ ಮಧ್ಯಾಹ್ನ ಹನ್ನೆರಡೂವರೆ. ಬಾಗಿಲಿಗೆ ಸೊಳ್ಳೆಪರದೆ ಬಟ್ಟೆ ಇಳಿಬಿಟ್ಟಿತ್ತು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಉಜಿ ನೊಣ ಬಂದ ಮೇಲೆ ಹುಳ ಸಾಕುವವರ ಮನೆಗಳಿಗೆಲ್ಲ ಅಂಥ ಪರದೆ ಬಿದ್ದಿತ್ತು. ಹೊಸ್ತಿಲ ಉದ್ದಕ್ಕೂ ಸುಣ್ಣದ ಪುಡಿ ಚೆಲ್ಲಿತ್ತು. ನಾನು ಹೆಸರು ಹಿಡಿದು ಕೂಗಿ ಒಂದು ಹೆಜ್ಜೆ ಮುಂದಿಟ್ಟೆ.

"ಅಲ್ಲೇ ನಿಂತ್ಕಳಿ ಬುದ್ಧಿ! ಹೊಸ್ಲು ದಾಟ್ಬ್ಯಾಡಿ!" ಒಳಗಿನಿಂದ ಹೆಂಗಸಿನ ದನಿ.

"ಕೋರ್ಟಿನಿಂದ ಬಂದಿದ್ದೀನಮ್ಮ. ನೋಟಿಸು ತಗೋಬೇಕು."

"ಹುಳ ಹಣ್ಣಾಗವೆ, ಚಂದ್ರಿಕೆಗೆ ಬಿಡ್ತಾ ಇವ್ನಿ. ಕೈ ಬಿಡಂಗಿಲ್ಲ. ನಾಕು ದಿನ ಬುಟ್ಟು ಬನ್ನಿ, ನಾನೇ ಈಸ್ಕತೀನಿ." ಒಳಗೆ ಮೂಗೆಳೆದ ಸದ್ದು, ಮತ್ತೆ: "ಇದೇನ್ ಬುದ್ಧಿ ವಾಸ್ನೆ? ನಿಮ್ ಕೋಟಾ? ಅಯ್ಯೋ, ಒಸಿ ದೂರ ಹೋಗಿ, ದೂರ! ಅತ್ತೆ, ಆ ಕೋಟ್ನೋರ್ನ ಆಚೆ ಕಳಿಸವ್ವ, ಹುಳ ಎಲ್ಲಾ ಹೊಂಟೋಯ್ತವೆ!"

ನನ್ನ ಕೋಟಿನ ವಿಷಯ ಹೇಳಬೇಕು. ನಾನು ಓದಿದ್ದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಬೆಳಗ್ಗೆ ಐದಕ್ಕೆ ಗಂಟೆ, ಐದೂಕಾಲಿಗೆ ತಣ್ಣೀರು, ಆರಕ್ಕೆ ಪ್ರಾರ್ಥನೆ. ಭಾನುವಾರ ವಾರ್ಡನ್ನರು ನಮ್ಮ ತಗಡಿನ ಪೆಟ್ಟಿಗೆಗಳನ್ನು ತೆಗೆಸಿ ನೋಡುತ್ತಿದ್ದರು. ಬಟ್ಟೆ ನಾಲ್ಕು ಮಡಿಕೆ, ಮಡಿಕೆಗೊಂದು ನುಸಿಗುಳಿಗೆ. ಆ ಅಭ್ಯಾಸವನ್ನು ನಾನು ಬಿಡಲಿಲ್ಲ. ಕೋರ್ಟು ಕೊಟ್ಟ ಖಾಕಿ ಕೋಟನ್ನು ಪ್ರತಿ ರಾತ್ರಿ ಮಡಿಸಿ, ನುಸಿಗುಳಿಗೆ ಇಟ್ಟು, ಬೆಳಗ್ಗೆ ತೊಡುತ್ತಿದ್ದೆ. ಆ ಕೋಟು ನನಗೆ ಹೆಮ್ಮೆಯ ವಸ್ತು. ರೇಷ್ಮೆ ಹುಳಕ್ಕೆ ಆ ವಾಸನೆ ವಿಷ ಎಂದು ನನಗೆ ಗೊತ್ತಿರಲಿಲ್ಲ. ನಮ್ಮೂರು ಮಾಗಡಿ ಕಡೆ, ಮನೆಯಲ್ಲಿ ಕುರಿ, ಹೊಲದಲ್ಲಿ ರಾಗಿ, ಅವರೆ. ಹುಳದ ಮನೆಯೊಳಗೆ ನಾನು ಕಾಲಿಟ್ಟವನಲ್ಲ. ಹಣ್ಣಾದ ಹುಳವೆಂದರೆ ಗೂಡು ಕಟ್ಟಲು ಬಲಿತ ಹುಳ, ಚಂದ್ರಿಕೆಯೆಂದರೆ ಅದು ಗೂಡು ಕಟ್ಟುವ ಬಿದಿರಿನ ತಟ್ಟೆ ಎಂಬುದೂ ಆಮೇಲೆ ತಿಳಿದದ್ದು.

ಪರದೆ ಸರಿಸಿ ಬಂದ ಮುದುಕಿ, ಆಕೆಯ ಅತ್ತೆ, ದನ ಅಟ್ಟುವಂತೆ ಕೈ ಬೀಸಿದರು. ನನಗೆ ಕೋಪ ಬಂತು. ಕೋರ್ಟಿನ ಕೋಟು ತೊಟ್ಟವನನ್ನು ಬೀದಿಗೆ ಅಟ್ಟಿದರಲ್ಲ ಎಂದು. ಅಂಟು ಡಬ್ಬಿ ತೆಗೆದು, ನೋಟಿಸಿನ ನಕಲನ್ನು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರ ಸಹಿ ಹಾಕಿಸಿ, ವರದಿ ಬರೆದೆ: 'ಪ್ರತಿವಾದಿಯು ನೋಟಿಸನ್ನು ತೆಗೆದುಕೊಳ್ಳಲು ನಿರಾಕರಿಸಿದರು. ಮನೆಗೆ ಅಂಟಿಸಲಾಗಿದೆ.' ನಮ್ಮ ನಮೂನೆಯಲ್ಲಿ ತಗೊಂಡರು, ಸಿಕ್ಕಲಿಲ್ಲ, ನಿರಾಕರಿಸಿದರು ಎಂಬ ಮೂರೇ ದಾರಿ. 'ನಾಲ್ಕು ದಿನ ಬಿಟ್ಟು ಬನ್ನಿ' ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಆದರೆ ನನ್ನ ಜೇಬಿನ ಡೈರಿಯಲ್ಲಿ ಜಾಗವಿತ್ತು. ಅದೂ ವಿದ್ಯಾರ್ಥಿನಿಲಯದ ಅಭ್ಯಾಸವೇ. ಬಸ್ಸು ಎಷ್ಟು ಹೊತ್ತಿಗೆ, ಎಷ್ಟು ನಡೆದೆ, ಯಾರು ಏನು ಅಂದರು, ಎಲ್ಲವನ್ನೂ ಅದೇ ದಿನ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಆ ದಿನವೂ ಹಿಂದಿರುಗುವ ಬಸ್ಸಿನಲ್ಲಿ ಬರೆದೆ.

ನೋಟಿಸಿಗೆ ಏನಾಯಿತು ಎಂದು ಎರಡು ತಿಂಗಳ ಮೇಲೆ ಗೊತ್ತಾಯಿತು. ಆ ದಿನಗಳಲ್ಲಿ ರೇಷ್ಮೆ ಇಲಾಖೆಯವರೂ ಮನೆಮನೆಗೆ ಚೀಟಿ ಅಂಟಿಸುತ್ತಿದ್ದರು. ಉಜಿ ನೊಣಕ್ಕೆ ಪರದೆ ಕಟ್ಟಿ, ಗೂಡು ಬಿಡಿಸಿದ ಮೇಲೆ ಮನೆ ತೊಳೆದು ಔಷಧ ಹೊಡೆಯಿರಿ ಎಂದು. ಮುದುಕಿ ನನ್ನ ನೋಟಿಸನ್ನೂ ನೊಣದ ಚೀಟಿ ಎಂದುಕೊಂಡರು. ಗೂಡು ಬಿಡಿಸಿ ಮಾರಿದ ಮೇಲೆ, ಸರ್ಕಾರ ಹೇಳಿದಂತೆ ಬಹಳ ನಿಷ್ಠೆಯಿಂದ, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಗೋಡೆ ಉಜ್ಜಿ ತೊಳೆದರು. ಅದರ ಜೊತೆ ನೋಟಿಸೂ ಹೋಯಿತು.

ಇತ್ತ ಕೋರ್ಟಿನಲ್ಲಿ ಆಕೆಯ ಹೆಸರನ್ನು ಮೂರು ಸಲ ಕೂಗಲಾಯಿತು. ಕೂಗುವ ಹೊತ್ತು ಹನ್ನೊಂದು. ಅದೇ ಹೊತ್ತಿಗೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು. ಊರಿಗೆ ಬಂದ ರೈತರೆಲ್ಲ ಅಲ್ಲಿ, ನಮ್ಮ ವರಾಂಡ ಖಾಲಿ. ಆಕೆ ಬರಲಿಲ್ಲ. ನನ್ನ ವರದಿಯ ಮೇಲೆ ಏಕಪಕ್ಷೀಯ ಎಂದು ಆಯಿತು, ಬಾವಿಗೆ ಹೋಗಬಾರದೆಂಬ ತಡೆಯಾಜ್ಞೆಯೂ ಆಯಿತು. ಶಿವರಾತ್ರಿ ಮುಗಿದ ಮೇಲೆ ಮೈದುನ ಪಂಪಿನ ಮನೆಗೆ ಹೊಸ ಬೀಗ ಜಡಿದು, ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಹಾಳೆಗಳನ್ನು ಅತ್ತಿಗೆಯ ಮುಂದೆ ಹಿಡಿದ.

ಆಗ ಆಕೆಯ ಮನೆಯಲ್ಲಿ ಮತ್ತೊಂದು ಬೆಳೆ ಹುಳ ಶುರುವಾಗಿತ್ತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಇಲ್ಲಿನವರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಸಾಕುವವರಿಗೆ ಸಿಕ್ಕುವ ಬಿಡುವು ಅದೊಂದೇ. ಎರಡನೇ ಜ್ವರದ ದಿನ, ಬುಧವಾರ, ಆಕೆ ಆ ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ರಾಮನಗರಕ್ಕೆ ಬಂದರು.

ಯಾರೂ ಸರಿಯಾಗಿ ದಾರಿ ಹೇಳಲಿಲ್ಲ. ಒಬ್ಬರು ವಕೀಲರನ್ನಿಡು ಎಂದರು, ಇನ್ನೊಬ್ಬರು ನಕಲಿಗೆ ಅರ್ಜಿ ಹಾಕು ಎಂದರು, ಮೂರನೆಯವರು ಊಟದ ಹೊತ್ತು ಎಂದರು. ಆಕೆ ವರಾಂಡದ ಕಂಬದ ಬುಡದಲ್ಲಿ ಕೂತಿದ್ದಾಗ ನಾನು ಕಾಗದದ ಕಟ್ಟು ಹಿಡಿದು ಆ ದಾರಿಯಲ್ಲಿ ಹೋದೆ. ಆಕೆ ವಾಸನೆ ಹಿಡಿದು ಮೂಗು ಎತ್ತಿದರು.

"ಇವ್ರೇ! ಇವ್ರೇ ನುಸಿಗುಳಿಗೆ ಬುದ್ಧಿ!"

ಇಡೀ ವರಾಂಡ ತಿರುಗಿ ನೋಡಿತು. ಟೈಪಿಸ್ಟು ನಕ್ಕ.

"ನೀವು ಅವತ್ತು ಬಂದ್ರಿ. ನಾಕು ದಿನ ಬುಟ್ಟು ಬನ್ನಿ ಅಂದೆ. ಬರ್ಲೇ ಇಲ್ಲ. ಮೇಷ್ಟ್ರು ಓದಿ ಹೇಳ್ತಾರೆ, ನಾನು ಬ್ಯಾಡ ಅಂದೆ ಅಂತ ಬರದೈತಂತೆ. ನಾನ್ಯಾವಾಗ ಬ್ಯಾಡ ಅಂದೆ? ಹೇಳಿ ಬುದ್ಧಿ, ನಿಮ್ ಬಾಯಲ್ಲೇ ಹೇಳಿ."

"ಒಳಕ್ಕೆ ಬಿಡಲಿಲ್ಲವಲ್ಲಮ್ಮ ನೀವು."

"ನಮ್ ಅಪ್ಪನ್ನೂ ಬಿಡಕಿಲ್ಲ! ಹುಳ ಹಣ್ಣಾದಾಗ ಮದ್ವೆ ಕರಿಯಾಕೆ ಬಂದ ನೆಂಟ್ರೂ ಬೀದೀಲೇ ನಿಂತು ಕರ್ದು ಹೋಯ್ತಾರೆ. ಅದು ಬ್ಯಾಡ ಅಂದಂಗಾ?"

ಅಲ್ಲಿಯೇ ಡೈರಿ ತೆಗೆದು ನೋಡಿದೆ. 'ಹೊರಗೆ ನಿಲ್ಲಿಸಿದರು. ಹುಳ ಹಣ್ಣು. ನಾಲ್ಕು ದಿನ ಬಿಟ್ಟು ಬಂದರೆ ತಾನೇ ತೆಗೆದುಕೊಳ್ಳುವೆ ಎಂದರು. ಕೋಟಿನ ವಾಸನೆಗೆ ಆಕ್ಷೇಪ.' ನನ್ನ ಅಕ್ಷರವೇ. ಅದಕ್ಕೂ ವರದಿಗೂ ತಾಳೆಯಿರಲಿಲ್ಲ, ಮತ್ತು ಎರಡರಲ್ಲಿ ಯಾವುದು ನಿಜ ಎಂಬುದರಲ್ಲಿ ನನಗೆ ಅನುಮಾನವೂ ಇರಲಿಲ್ಲ.

ನೇರವಾಗಿ ಶಿರಸ್ತೇದಾರರ ಮೇಜಿಗೆ ಹೋಗಿ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿದರು.

"ಏನಯ್ಯಾ, ಬರೆದಾಯ್ತು, ಸೇರಿಸಾಯ್ತು, ಆರ್ಡರೂ ಆಯ್ತು. ಈಗ ಡೈರಿ ತೋರಿಸಿದ್ರೆ ನಿನಗೇ ಮೆಮೊ. ರಿಪೋರ್ಟಿನ ಮೇಲೆ ನಿಂತುಬಿಡು."

"ಮೆಮೊಗೆ ಉತ್ತರ ಬರೀತೀನಿ ಸಾರ್. ಬರೆದು ಅಭ್ಯಾಸ ಇದೆ."

"ನುಸಿಗುಳಿಗೆ ಬಗ್ಗೆಯೂ ಬರೀತೀಯೇನು?"

"ಅದನ್ನೇ ಮೊದಲು ಬರೀತೀನಿ."

ಅವರಿಗೂ ನಗು ತಡೆಯಲಾಗಲಿಲ್ಲ. ಎದ್ದು ನನ್ನನ್ನೂ ಆಕೆಯನ್ನೂ ಮುನ್ಸೀಫರ ಕೋಣೆಗೆ ಕರೆದೊಯ್ದರು. ಬಡವರ ಕೇಸು ನಡೆಸಲು ಒಪ್ಪಿದ್ದ ವಕೀಲರೊಬ್ಬರನ್ನು ಮುನ್ಸೀಫರು ಅಲ್ಲಿಗೇ ಕರೆಸಿದರು. ಅವತ್ತೇ ಅರ್ಜಿ ತಯಾರಾಯಿತು. ವಿಚಾರಣೆಯ ದಿನ ಗೊತ್ತುಮಾಡುವಾಗ ಒಂದು ತೊಡಕು ಬಂತು. ಮುನ್ಸೀಫರು ಶುಕ್ರವಾರ ಎಂದರು.

"ಸುಕ್ರವಾರ ಆಗಕಿಲ್ಲ ಬುದ್ಧಿ. ಸೊಪ್ಪು ಹಾಕೋರಿಲ್ಲ. ನಮ್ಮತ್ತೆಗೆ ಕಣ್ಣು ಮಂಜು. ಮೂರ್ನೇ ಜ್ವರಕ್ಕೆ ಕೂತಾಗ ಬತ್ತೀನಿ."

"ಯಾರಿಗಮ್ಮ ಜ್ವರ?" ಮುನ್ಸೀಫರು ಕರಾವಳಿಯವರು, ಈ ಕಡೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ.

ಆಕೆ ವಿವರಿಸಿದರು. ಬೆರಳು ಮಡಿಸಿ ಎಣಿಸಿ, ಸೋಮವಾರ ಎಂದರು. ಮುನ್ಸೀಫರು ಕ್ಯಾಲೆಂಡರು ನೋಡಿ ಸೋಮವಾರ ಎಂದೇ ಬರೆಸಿದರು. ಹುಳದ ಜ್ವರ ನೋಡಿ ದಿನ ಗೊತ್ತುಮಾಡಿದ್ದನ್ನು ನನ್ನ ಇಡೀ ಸರ್ವೀಸಿನಲ್ಲಿ ಅದೊಂದೇ ಸಲ ಕಂಡದ್ದು. ಮಾಡಲು ಬರುವ ಕೆಲಸವೇ ಅದು, ಕಷ್ಟವೇನಿಲ್ಲ.

ಹಾಗೆ ಬಂತು ಆ ಸೋಮವಾರ. ಆಕೆಗೆ ಏನು ಬೇಕಾಗಿತ್ತು ಎಂಬುದು ಸ್ಪಷ್ಟವಿತ್ತು. ನಾಲ್ಕನೇ ಜ್ವರ ಎದ್ದ ಹುಳು ಹಗಲೂ ರಾತ್ರಿ ತಿನ್ನುತ್ತದೆ. ಆ ಸೊಪ್ಪು ಬರಬೇಕಾದರೆ ತೋಟಕ್ಕೆ ಈಗ ನೀರು ಬೇಕು. ಗಿಡದ ತುದಿ ಆಗಲೇ ಬಾಡುತ್ತಿತ್ತು. ಅವತ್ತು ಆದೇಶ ಸಿಕ್ಕದಿದ್ದರೆ ಆ ಬೆಳೆ ತಿಪ್ಪೆಗೆ.

ಪ್ರಮಾಣ ತೆಗೆದುಕೊಂಡೆ. ಆಕೆಯ ವಕೀಲರು ಡೈರಿ ಓದಿಸಿದರು. ಓದಿದೆ, ವಾಸನೆಯ ಮಾತನ್ನೂ ಬಿಡದೆ. ಹಾಲ್‌ನಲ್ಲಿ ಕಿಸಕ್ಕೆಂದು ನಗು ಎದ್ದಿತು. ಆಮೇಲೆ ಮೈದುನನ ವಕೀಲರು ಎದ್ದರು.

"ನಿಮ್ಮ ವರದಿ ಸುಳ್ಳು ಅಂತೀರಾ?"

"ತಪ್ಪು ಅಂತೀನಿ ಸಾರ್. ಕೋಪದಲ್ಲಿ ಬರೆದದ್ದು."

"ಎಷ್ಟು ವರ್ಷ ಸರ್ವೀಸು ನಿಮ್ಮದು? ಇಷ್ಟು ವರ್ಷಕ್ಕೆ ನೋಟಿಸು ಬೇಡ ಅನ್ನೋದು ಯಾವುದು, ಆಮೇಲೆ ಬಾ ಅನ್ನೋದು ಯಾವುದು ಗೊತ್ತಾಗೋದಿಲ್ಲವೆ?"

"ಗೊತ್ತಾಗುತ್ತದೆ. ಅದಕ್ಕೇ ಡೈರಿಯಲ್ಲಿ ಸರಿಯಾಗಿ ಬರೆದಿದ್ದೇನೆ."

"ಬಾಗಿಲು ತೆರೆದು ಬಂದು ಕೈ ಚಾಚಬಹುದಿತ್ತಲ್ಲ ಆಕೆ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಆಕೆಯ ದನಿ ಬಂತು. "ನಮ್ ಮೈದನ್ನ ಕೇಳಿ ಬುದ್ಧಿ! ಅವ್ನ ಹುಳ ಹಣ್ಣಾದಾಗ ಅವ್ನು ಯಾರ್ ಬಂದ್ರೂ ಈಚೆ ಬತ್ತಾನಾ? ಏನ್ಲಾ, ಬತ್ತೀಯೇನ್ಲಾ?"

ಬೆಂಚ್ ಕ್ಲಾರ್ಕು ಸದ್ದು ಎಂದರು. ಆದರೆ ಮುನ್ಸೀಫರು ಮೈದುನನ ಕಡೆ ತಿರುಗಿದ್ದರು.

"ಹೇಳಿ. ನೀವು ಹೊರಗೆ ಬರುತ್ತೀರೋ?"

ಅವನು ಟವೆಲ್ಲು ಹೆಗಲಿಂದ ತೆಗೆದ, ಮತ್ತೆ ಹಾಕಿಕೊಂಡ. ವಕೀಲರನ್ನು ನೋಡಿದ, ವಕೀಲರು ಕಡತ ನೋಡುತ್ತಿದ್ದರು. ಸುಳ್ಳು ಹೇಳುವುದು ಅವನಿಗೆ ಕಷ್ಟವಿರಲಿಲ್ಲ, ಬಾವಿಯ ಬಗ್ಗೆ ಹೇಳಿಯೇ ಇದ್ದ. ಆದರೆ ಹಣ್ಣಾದ ಹುಳವನ್ನು ಬಿಟ್ಟು ಎದ್ದು ಬರುತ್ತೇನೆ ಎಂದು ರಾಮನಗರದ ಜನರ ಎದುರಿಗೆ ಹೇಳುವುದು ಬೇರೆ ಮಾತು. ಅವನೂ ಒಳ್ಳೆಯ ಬೆಳೆ ತೆಗೆಯುವವನು.

"ಇಲ್ಲ ಸ್ವಾಮಿ," ಎಂದ. "ಯಾರೂ ಬರಕಿಲ್ಲ."

ಮುನ್ಸೀಫರು ಬರೆದುಕೊಂಡರು. ಆಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅದು ಎರಡೂ ಕಡೆಯ ವಕೀಲರಿಗೆ ಹೊಳೆದಿರಲಿಲ್ಲ.

"ಹೀಗೆ ಇನ್ನೆಷ್ಟು ಹುಳದ ಮನೆಗಳ ಮೇಲೆ ನಿರಾಕರಿಸಿದರು ಎಂದು ಬರೆದಿದ್ದೀರಿ?"

"ಡೈರಿ ನೋಡಿ ಹೇಳಬೇಕು ಸ್ವಾಮಿ. ಒಂದು ವಾರ ಕೊಡಿ."

ಕೊಟ್ಟರು. ಆ ವಾರದಲ್ಲಿ ಹಳೆಯ ಡೈರಿಗಳನ್ನೆಲ್ಲ ತೆಗೆದು ನೋಡಿದೆ. ಹಾಗೆ ಬರೆದದ್ದು ಒಂದೆರಡಲ್ಲ. ಕೆಲವು ಮನೆಗಳಿಗೆ ಹೊಸದಾಗಿ ನೋಟಿಸು ಹೋಯಿತು. ಕೆಲವು ಕೇಸುಗಳು ಮುಗಿದು ಡಿಕ್ರಿಯಾಗಿ, ಜಮೀನು ಕೈ ಬದಲಾಗಿತ್ತು. ಅವಕ್ಕೆ ಏನೂ ಮಾಡಲಾಗಲಿಲ್ಲ. ಆ ಪಟ್ಟಿಯ ನಕಲು ನನ್ನ ಬಳಿ ಈಗಲೂ ಇದೆ. ಮೆಮೊ ಬಂತು, ಉತ್ತರ ಬರೆದೆ, ನುಸಿಗುಳಿಗೆಯಿಂದಲೇ ಶುರುಮಾಡಿ. ಕಾನೂನಿನ ಕಣ್ಣಿಗೆ ಎಲ್ಲರೂ ಸಮ ಎಂದು ಕೋರ್ಟಿನಲ್ಲಿ ದಿನಾ ಕೇಳುತ್ತಿದ್ದೆ. ಅದು ನಿಜವೇ. ಆದರೆ ಆ ಕಣ್ಣಿಗೆ ಬೀಳುವ ಮೊದಲು ಪ್ರತಿಯೊಬ್ಬರೂ ನನ್ನಂಥ ಒಬ್ಬನ ವರದಿಯ ಮೂಲಕ ಹಾದುಹೋಗಬೇಕು. ಅಲ್ಲಿ ಸಮ ಮಾಡುವುದು ನನ್ನ ಕೆಲಸ, ಮುನ್ಸೀಫರದಲ್ಲ. ಇದನ್ನು ತಿಳಿದುಕೊಳ್ಳಲು ನನಗೆ ಸಾಕ್ಷಿಕಟ್ಟೆ ಹತ್ತಬೇಕಾಯಿತು.

ಆ ಸೋಮವಾರವೇ ಮಧ್ಯಾಹ್ನ ಮೂರಕ್ಕೆ ಆದೇಶವಾಯಿತು. ಏಕಪಕ್ಷೀಯ ಆದೇಶ ರದ್ದು. ಆಕೆ ಉತ್ತರ ಕೊಡಲು ಕಾಲಾವಕಾಶ. ಬಾವಿ ಯಾರದೆಂದು ಮುಂದೆ ತೀರ್ಮಾನವಾಗುವ ತನಕ ಹಿಂದಿನಂತೆ ದಿನ ಬಿಟ್ಟು ದಿನ ಸರದಿ, ಮೊದಲ ಸರದಿ ಆಕೆಯದು. ಮುನ್ಸೀಫರು ಆದೇಶವನ್ನು ಇಂಗ್ಲಿಷಿನಲ್ಲಿ ಬರೆಸಿದ ಮೇಲೆ, ಕನ್ನಡದಲ್ಲಿ ಆಕೆಗೆ ಒಮ್ಮೆ, ಮೈದುನನಿಗೆ ಒಮ್ಮೆ ಹೇಳಿದರು.

"ಬೀಗದ ಕೈ ಕೊಡಿ."

"ಮನೇಲೈತೆ ಸ್ವಾಮಿ. ನಾಳೆ ಕೊಡ್ತೀನಿ."

"ಅಮೀನರು ನಿಮ್ಮ ಜೊತೆ ಬರುತ್ತಾರೆ. ಇವತ್ತು ಸೂರ್ಯ ಮುಳುಗುವುದರೊಳಗೆ ಕೊಡಿಸಿ ವರದಿ ಬರೆಯುತ್ತಾರೆ."

ನಾಲ್ಕು ಗಂಟೆಯ ಬಸ್ಸು. ನಾನು ಕೋಟನ್ನು ಆಫೀಸಿನ ಮೊಳೆಗೆ ತಗುಲಿಹಾಕಿ ಬಿಳಿ ಷರಟಿನಲ್ಲಿ ಹೊರಟೆ. ಮೈದುನ ಡ್ರೈವರನ ಹಿಂದಿನ ಸೀಟಿನಲ್ಲಿ, ಅತ್ತಿಗೆ ಹೆಂಗಸರ ಸೀಟಿನಲ್ಲಿ, ನಡುವೆ ನಾನು. ಇಳಿದು ನಡೆಯುವಾಗ ಅವರಿಬ್ಬರೂ ಮಾತಾಡಿದ್ದು ಒಂದೇ ಸಲ.

"ನಿಮ್ಮವು ಎಷ್ಟನೇ ಜ್ವರ ಅತ್ತಿಗೆ?"

"ಮೂರು. ನಿನ್ನವು?"

"ಎಲ್ಡು ಮುಗ್ದು ಎದ್ದವೆ."

ಪಂಪಿನ ಮನೆಯ ಮುಂದೆ ನಿಂತೆವು.

ಅವನು ಮನೆಯಿಂದ ಬೀಗದ ಕೈ ತಂದ. ಒಂದೇ ಇತ್ತು. ಅದನ್ನು ನೆಲಕ್ಕೆ ಎಸೆಯಲು ನೋಡಿದ. ನಾನು ಕೈ ಚಾಚಿದೆ, ನನ್ನ ಕೈಗೆ ಕೊಟ್ಟ. ನಾನು ಆಕೆಗೆ ಕೊಟ್ಟೆ. ಬೀಗ ತೆರೆಯಿತು. ಕರೆಂಟು ಇರಲಿಲ್ಲ. ಸರದಿಯ ಕರೆಂಟು ಆರಕ್ಕೆ ಬರುತ್ತದೆ ಎಂದರು. ನನ್ನ ವರದಿಗೆ ಬೀಗ ತೆರೆದದ್ದೇ ಸಾಕಿತ್ತು, ಆದರೂ ನಾನು ನಿಂತೆ. ಆರು ಗಂಟೆ ಐದು ನಿಮಿಷಕ್ಕೆ ಮೋಟಾರು ಗುಂಯ್ ಎಂದಿತು. ಕಾಲುವೆಯಲ್ಲಿ ಮೊದಲು ಒಣ ಎಲೆ ಬಂತು, ಹಿಂದೆ ನೀರು. ಆಕೆ ಸೀರೆ ಎತ್ತಿ ಕಟ್ಟಿ ಗುದ್ದಲಿ ತೆಗೆದುಕೊಂಡು ತೋಟಕ್ಕೆ ಇಳಿದರು.

ಹೆಬ್ಬೆಟ್ಟು ಬೇಕಾಗಿತ್ತು. ಕೆಸರಿನ ಕೈ ತೊಳೆದು ಬರುತ್ತೇನೆ, ಮನೆ ಹತ್ತಿರ ಇರಿ ಎಂದರು. ಹೋಗಿ ಹೊಸ್ತಿಲ ಸುಣ್ಣದ ಗೆರೆಯಿಂದ ಮೂರು ಹೆಜ್ಜೆ ಈಚೆ ನಿಂತೆ. ಪರದೆಯ ಒಳಗಿನಿಂದ ಮುದುಕಿ ಕೇಳಿದರು:

"ಯಾರದು?"

"ಕೋರ್ಟಿನ ಅಮೀನ ಕಣವ್ವ."

"ಕೋಟಿನೋರಾ?"

"ಕೋಟು ತಂದಿಲ್ಲ."

ಮುದುಕಿ ಪರದೆಗೆ ಮೂಗು ಹಚ್ಚಿ ಒಂದು ಸಲ ಉಸಿರೆಳೆದರು. "ಊಂ. ಅಲ್ಲೇ ಜಗಲಿ ಮ್ಯಾಲೆ ಕೂತ್ಕಳಿ ಹಂಗಾರೆ. ಮಜ್ಗೆ ಕಳಿಸ್ತೀನಿ. ಒಳಕ್ಕೆ ಮಾತ್ರ ಬರ್ಬ್ಯಾಡಿ."

ಕೂತೆ. ಆಕೆ ಬಂದು ಹೆಬ್ಬೆಟ್ಟು ಒತ್ತಿದರು. ಬೆಳಕು ಇರುವಾಗಲೇ ವರದಿ ಬರೆದೆ. ನಮೂನೆಯ ಮೂರು ದಾರಿಗಳನ್ನೂ ಹೊಡೆದು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: 'ಬೀಗದ ಕೈಯನ್ನು ಪಂಪಿನ ಮನೆಯ ಮುಂದೆ ವಾದಿಯಿಂದ ಪಡೆದು ಪ್ರತಿವಾದಿಗೆ ಒಪ್ಪಿಸಲಾಯಿತು. ಆರು ಗಂಟೆ ಐದು ನಿಮಿಷಕ್ಕೆ ನೀರು ಹರಿಯಿತು. ಮನೆಯಲ್ಲಿ ಹುಳ ಮೂರನೇ ಜ್ವರದಲ್ಲಿರುವುದರಿಂದ ಹೆಬ್ಬೆಟ್ಟನ್ನು ಹೊಸ್ತಿಲ ಹೊರಗೆ ಪಡೆಯಲಾಯಿತು.'

ದಿನಾಂಕ ಹಾಕಿ, ಗಂಟೆ ಬರೆದು, ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿದೆ.